ಸುಳ್ಳು ಕ್ಷಯವನ್ನು ಬೆರಳ ತುದಿಯಿಂದ ಓಡಿಸಿದ್ದು

ಹದಿನಾಲ್ಕು ತಿಂಗಳಿಂದ ನನ್ನ ಗಿನಿಪಿಗ್‌ಗಳಲ್ಲಿ ಒಂದೂ ಸುಳ್ಳು ಕ್ಷಯಕ್ಕೆ, ಅಂದರೆ ಕ್ಷಯದಂತೆಯೇ ಒಳಗೆ ಗಂಟು ಕಟ್ಟಿಸುವ ಬೇರೊಂದು ರೋಗಾಣುವಿನ ಕಾಯಿಲೆಗೆ, ಸತ್ತಿಲ್ಲ. ‘ಎಲ್ಲವನ್ನೂ ಕೊಂದು ಸುಟ್ಟು ಹೊಸ ತಳಿ ತಂದುಕೊಳ್ಳಿ’ ಎಂದು ಬುದ್ಧಿ ಹೇಳಿದವರು ಕಡಿಮೆಯೆಂದರೂ ಆರು ಮಂದಿ. ಅವರಲ್ಲಿ ಇಬ್ಬರು ಈಗ ನನ್ನಲ್ಲಿಗೇ ಮರಿ ಕೇಳಿಕೊಂಡು ಬಂದಿದ್ದಾರೆ. ಬರೆಯಲು ಅಷ್ಟು ಕಾರಣ ಸಾಕು.

ಶುರುವಾದದ್ದು ಚಳಿಗಾಲದಲ್ಲಿ. ಇನ್ನೂರರ ಹತ್ತಿರ ಪ್ರಾಣಿಗಳಿದ್ದವು. ಆರು ವಾರದಲ್ಲಿ ಮೂವತ್ತೋ ಮೂವತ್ತೈದೋ ಹೋದವು. ಕೆಲವು ವಾರಗಟ್ಟಲೆ ಸೊರಗಿ ಸತ್ತರೆ, ಕೆಲವು ರಾತ್ರಿ ಚೆನ್ನಾಗಿಯೇ ಇದ್ದು ಬೆಳಗ್ಗೆ ಮಲಗಿದಲ್ಲೇ ಸೆಟೆದಿದ್ದವು. ಕೊಯ್ದು ನೋಡಿದರೆ ಯಕೃತ್ತು ಮತ್ತು ಗುಲ್ಮದ ತುಂಬ ಸಾಸಿವೆ ಗಾತ್ರದ ಹಳದಿ ಮಿಶ್ರಿತ ಬಿಳಿ ಗಂಟುಗಳು, ಒಳಗೆ ಗಟ್ಟಿ ಕೀವು.

ಗಿನಿಪಿಗ್‌ಗೆ ಪೆನಿಸಿಲಿನ್ ಬಾಯಿಗೆ ಹಾಕಬಾರದೆಂದು ಅದನ್ನು ಸಾಕುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಕೈಯಲ್ಲಿದ್ದ ಅಮಾಕ್ಸಿಸಿಲಿನ್ ಅದೇ ಕುಲದ್ದೆಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ನಾಲ್ಕು ದಿನದಲ್ಲಿ ಹನ್ನೊಂದು ಭೇದಿ ಹತ್ತಿ ಸತ್ತವು. ಅವನ್ನು ಕೊಂದದ್ದು ರೋಗವಲ್ಲ, ನಾನು.

ಆಮೇಲೆ ಪಶುವೈದ್ಯರು ಒಗ್ಗುವ ಮದ್ದು ಬರೆದುಕೊಟ್ಟರು. ಸಾವು ನಿಂತಿತು. ಮದ್ದು ಮುಗಿದ ಮೂರನೆಯ ವಾರಕ್ಕೆ ಮತ್ತೆ ಶುರು. ಹೀಗೆ ಮೂರು ಸುತ್ತು. ನಾಲ್ಕು ತಿಂಗಳ ಮೇವಿಗೆ ಆಗುವುದಕ್ಕಿಂತ ಹೆಚ್ಚು ಹಣ ಮದ್ದಿಗೇ ಹೋಯಿತು. ರೋಗಾಣು ಹೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್), ಕೀವಿನ ಗೋಡೆಯ ಹಿಂದೆ ಕುಳಿತಿರುವಾಗ ಹೊರಗಿಂದ ಹುತ್ತ ಬಡಿದರೆ ಹಾವು ಸಾಯುತ್ತದೆಯೇ?

ಪ್ರಯೋಗಾಲಯದ ವರದಿಯಲ್ಲಿ ‘ಯೆರ್ಸಿನಿಯಾ ಸ್ಯೂಡೋಟ್ಯೂಬರ್ಕ್ಯುಲೋಸಿಸ್’ ಎಂದಿತ್ತು. ನನ್ನ ಸಹಾಯಕ ಮೊದಲ ಪದವನ್ನಷ್ಟೇ ಹುಡುಕಿ ‘ಪ್ಲೇಗ್!’ ಎಂದು ಕೂಗಿದ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ ಅಲೆಕ್ಸಾಂಡರ್ ಯೆರ್ಸಿನ್‌ನ ಹೆಸರೇ ಈ ಕುಲಕ್ಕಿರುವುದು ನಿಜ. ಪ್ಲೇಗಿನ ರೋಗಾಣು ನಮ್ಮ ಈ ರೋಗಾಣುವಿನಿಂದಲೇ ಕವಲೊಡೆದದ್ದೂ ನಿಜ. ಚಿಗಟದ ಮೇಲೆ ಸವಾರಿ ಮಾಡಿ ಹರಡುವುದು ಪ್ಲೇಗಿನ ರೋಗಾಣು ಆಮೇಲೆ ಕಲಿತ ವಿದ್ಯೆ. ನಮ್ಮದು ಹಿಕ್ಕೆಯಿಂದ ಮೇವಿಗೆ, ಮೇವಿನಿಂದ ಬಾಯಿಗೆ ಹೋಗುವಂಥದ್ದು. ಇಷ್ಟೆಲ್ಲ ವಿವರಿಸಿದರೂ ಮರಿಗೆ ಮುಂಗಡ ಕೊಟ್ಟವರು ಸಾಲಾಗಿ ಬಂದು ಹಣ ವಾಪಸ್ ಪಡೆದರು.

ಮೇವೆಂದಾಗ ತಲೆಗೆ ಹೊಳೆದದ್ದು ಫ್ರಿಜ್. ಸೊಪ್ಪು ಬಾಡಬಾರದೆಂದು ಮೂರು ನಾಲ್ಕು ದಿನ ಫ್ರಿಜ್ಜಿನಲ್ಲಿಡುತ್ತಿದ್ದೆ. ತಣ್ಣಗಿದ್ದರೆ ಕೆಡದು ಎಂಬ ನಂಬಿಕೆ. ಈ ರೋಗಾಣು 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಸೊಪ್ಪಿನ ಮೇಲೆ ಕಾಡುಹಕ್ಕಿಯೋ ಇಲಿಯೋ ಹಾಕಿದ ಹಿಕ್ಕೆಗೆ ನಾನೇ ಕೋಣೆ ಬಾಡಿಗೆ ಕೊಟ್ಟಂತಾಗಿತ್ತು! ಹೊರಗಿನ ಸೊಪ್ಪನ್ನು ಅಂದೇ ನಿಲ್ಲಿಸಿದೆ. ಹಳೆಯ ಜಾಲರಿಯ ಕಣ್ಣು 12 ಮಿಲಿಮೀಟರಿನದು, ಸುಂಡಿಲಿಗಳಿಗೆ ಹೆದ್ದಾರಿ. ಅದನ್ನು ಕಿತ್ತು 6 ಮಿಲಿಮೀಟರಿನದು ಹಾಕಿಸಿದೆ. ಇದೊಂದು ಖರ್ಚಿಗೆ ಮಾತ್ರ ನಾನು ಗೊಣಗಲಿಲ್ಲ.

ಸೊಪ್ಪು ನಿಂತ ಮೇಲೆ, ಗಿನಿಪಿಗ್‌ಗೆ ಮೇವಿನಿಂದಲೇ ಸಿಗಬೇಕಾದ ಸಿ ವಿಟಮಿನ್ ಎಲ್ಲಿಂದ? ನೀರಿಗೆ ಹಾಕಿ ನೋಡಿದೆ. ಲೋಹದ ಬಟ್ಟಲಿನಲ್ಲಿ ಬೇಗ ಹಾಳಾಗುತ್ತದೆ, ಪ್ರಾಣಿಗಳೂ ರುಚಿಗೆ ಮುಖ ತಿರುಗಿಸಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದವು. ಎರಡು ವಾರ ಹೋಯಿತು. ಕೊನೆಗೆ ಮಾತ್ರೆ ಪುಡಿ ಮಾಡಿ ಸಿರಿಂಜಿನಿಂದ ಬಾಯಿಗೇ ಕೊಟ್ಟೆ.

ಇನ್ನು ಎಲ್ಲರೂ ನಕ್ಕ ಭಾಗ. ಪ್ರತಿ ವಾರ ಪ್ರತಿಯೊಂದರ ಹೊಟ್ಟೆಯನ್ನೂ ಎರಡು ಬೆರಳಿನಲ್ಲಿ ಸವರಿ, ಊದಿದ ಗ್ರಂಥಿ ಸಿಕ್ಕಿದ್ದನ್ನು ದಯಾಮರಣಕ್ಕೆ ಕಳಿಸುವುದು. ಮೊದಲ ವಾರ ಇಪ್ಪತ್ತಾರು, ಎರಡನೆಯ ವಾರ ಹನ್ನೊಂದು, ಆಮೇಲೆ ನಾಲ್ಕೈದು, ಎಂಟನೆಯ ವಾರ ಸೊನ್ನೆ. ತೊಂಬತ್ತರಷ್ಟು ಉಳಿದವು. ಉಳಿದವನ್ನು ಐದೈದರ ಗುಂಪು ಮಾಡಿ, ಗುಂಪಿಗೊಂದು ಬಟ್ಟಲು, ಗುಂಪಿಗೊಂದು ಪೊರಕೆ ಇಟ್ಟೆ. ಬ್ಲೀಚ್ ಹಾಕುವ ಮುನ್ನ ಗಲೀಜನ್ನು ಕೆರೆದು ತೊಳೆಯದಿದ್ದರೆ ಸುರಿದದ್ದೆಲ್ಲ ವ್ಯರ್ಥ. ಕರುಳಿನ ಹಿಕ್ಕೆಯುಂಡೆಗೂ ಗ್ರಂಥಿಗೂ ಬೆರಳಿಗೆ ತಿಳಿಯುವ ವ್ಯತ್ಯಾಸವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಒಳ್ಳೆಯ ಪ್ರಾಣಿಗಳೇ ಐದಾರು ಖರ್ಚಾಗಿವೆ.

ನಡುವೆ ಸಹಾಯಕನಿಗೆ ಜ್ವರ, ಬಲಗಡೆ ಹೊಟ್ಟೆನೋವು. ಅಪೆಂಡಿಕ್ಸ್ ಎಂದು ಶಸ್ತ್ರಚಿಕಿತ್ಸೆಗೆ ತಯಾರಿ ನಡೆದಿತ್ತು. ನಾನು ಓಡಿ ಹೋಗಿ ಪ್ರಾಣಿಗಳ ವಿಷಯ ಹೇಳಿದೆ. ಸ್ಕ್ಯಾನ್ ಮಾಡಿದರೆ ಅಪೆಂಡಿಕ್ಸ್ ಸರಿಯಾಗಿಯೇ ಇತ್ತು, ಊದಿದ್ದು ಕರುಳಿನ ಗ್ರಂಥಿಗಳು. ಹೊಟ್ಟೆ ಕೊಯ್ಯುವುದು ತಪ್ಪಿತು. ಅಂದಿನಿಂದ ಕೈಗವಸು ಹಾಕೆಂದು ಅವನಿಗೆ ಹೇಳಬೇಕಾಗಿ ಬಂದಿಲ್ಲ.

ಕಳೆದ ತಿಂಗಳುಗಳಲ್ಲಿ ಒಮ್ಮೆ ನನ್ನ ಅತ್ಯುತ್ತಮ ಹೆಣ್ಣಿನ ಹೊಟ್ಟೆಯಲ್ಲಿ ದುಂಡಗೆ ಏನೋ ತಾಗಿತು. ಎದೆ ಧಸಕ್ಕೆಂದಿತು. ಕಳಿಸಲು ಮನಸ್ಸಾಗದೆ ಮೂಲೆಯ ಪಂಜರದಲ್ಲಿ ಒಂಟಿಯಾಗಿ ಇಟ್ಟೆ. ಐವತ್ತು ದಿನದ ಮೇಲೆ ಮೂರು ಮರಿ ಹಾಕಿತು.