ಬೆಲೆಯೇ ಸಾಕ್ಷಿ: ಕೇಪ್‌ಟೌನ್‌ನಲ್ಲಿ ಕಳ್ಳ ಸಿಗರೇಟಿನ ಸಮೀಕ್ಷೆ

ದಕ್ಷಿಣ ಆಫ್ರಿಕಾದಲ್ಲಿ ತೆರಿಗೆ ಕಟ್ಟದೆ ಮಾರಾಟವಾಗುವ ಸಿಗರೇಟನ್ನು ಗುರುತಿಸಲು 2022ರಲ್ಲಿ ಕೇಪ್‌ಟೌನ್‌ನ ಬಡ ಬಡಾವಣೆಗಳಲ್ಲಿ ನಡೆದ ಬೆಲೆ ಸಮೀಕ್ಷೆಯಲ್ಲಿ ನಾನು ಕೆಲಸ ಮಾಡಿದೆ. ತೆರಿಗೆ ಕಟ್ಟಿದೆ ಎಂದು ತೋರಿಸಲು ಪೊಟ್ಟಣದ ತಳದಲ್ಲಿ ಅಚ್ಚಾಗಿರುವ ವಜ್ರಾಕಾರದ ಗುರುತನ್ನು ನಾವು ನೆಚ್ಚಿಕೊಳ್ಳಲಿಲ್ಲ. ಅದನ್ನು ನಕಲು ಮಾಡುವುದು ಸುಲಭ. ನಮ್ಮ ಅಳತೆಗೋಲು ಬೆಲೆಯೊಂದೇ. ಆ ವರ್ಷ 20 ಸಿಗರೇಟಿನ ಪೊಟ್ಟಣಕ್ಕೆ 19.82 ರ‍್ಯಾಂಡ್ ಅಬಕಾರಿ ಸುಂಕವಿತ್ತು, ಅದಕ್ಕೆ ಶೇ. 15ರ ಮೌಲ್ಯವರ್ಧಿತ ತೆರಿಗೆ ಸೇರಿದರೆ 22.79 ರ‍್ಯಾಂಡ್. ತಂಬಾಕು, ಕಾಗದ, ಸಾಗಣೆ, ಲಾಭ ಎಲ್ಲವನ್ನೂ ಸೊನ್ನೆಯೆಂದೇ ಹಿಡಿದರೂ, ತೆರಿಗೆ ಕಟ್ಟಿದ ಪೊಟ್ಟಣ ಇದಕ್ಕಿಂತ ಅಗ್ಗವಾಗಿ ಸಿಗಲಾರದು. ಅದರ ಅರ್ಧ ಬೆಲೆಗೂ ಪೊಟ್ಟಣಗಳು ನಮಗೆ ಸಿಕ್ಕವು.

ಸ್ಪಾಜಾ ಎಂದು ಕರೆಯುವ ಮನೆಯಂಗಡಿಗಳಲ್ಲಿ ಎಲ್ಲಕ್ಕಿಂತ ಅಗ್ಗದ ಸಿಗರೇಟು ಕೇಳಿ ಕೊಳ್ಳುತ್ತಿದ್ದೆವು. ಬೀದಿಯ ತಿರುವು ದಾಟಿದ ಕೂಡಲೇ ಬೆಲೆ ಬರೆದುಕೊಂಡು ಪೊಟ್ಟಣದ ಆರೂ ಬದಿಗಳ ಚಿತ್ರ ತೆಗೆಯುತ್ತಿದ್ದೆವು. ಬಿಡಿ ಸಿಗರೇಟಿನ ಲೆಕ್ಕ ಬೇರೆ. ಅದರಲ್ಲಿ ಅಂಗಡಿಯವರು ಹೆಚ್ಚು ಲಾಭ ಇಟ್ಟುಕೊಳ್ಳುವುದರಿಂದ, ಬೆಲೆಯನ್ನು 20ರಿಂದ ಗುಣಿಸಿದಾಗ ತೆರಿಗೆಗಿಂತ ಕಡಿಮೆ ಬಂದರೆ ಕಳ್ಳಮಾಲು ಎಂಬುದು ಖಚಿತ, ಹೆಚ್ಚು ಬಂದರೆ ಏನನ್ನೂ ಹೇಳಲಾಗದು. ಅಂಗಡಿಯ ಹೆಸರು, ವಿಳಾಸ ದಾಖಲಿಸಲಿಲ್ಲ. ಹೊರದೇಶಗಳಿಂದ ಬಂದು ಪೊಲೀಸರ ಭಯದಲ್ಲಿ ಬದುಕುವ ಆ ಚಿಲ್ಲರೆ ವ್ಯಾಪಾರಿಗಳನ್ನು ಸಿಕ್ಕಿಸುವುದು ನಮ್ಮ ಉದ್ದೇಶವಾಗಿರಲಿಲ್ಲ.

ತೆರಿಗೆ ಏರಿದ್ದರಿಂದಲೇ ಕಳ್ಳಮಾಲು ಹೆಚ್ಚಿತು ಎಂಬ ಕಂಪನಿಗಳ ವಾದವನ್ನು ನಾನು ಒಪ್ಪುವುದಿಲ್ಲ. ಜಿಂಬಾಬ್ವೆಯಿಂದ ಗಡಿ ದಾಟಿ ಬರುವ ಮಾಲು ಇದೆ, ನಿಜ. ಆದರೆ ದೇಶದೊಳಗಿನ ಕಾರ್ಖಾನೆಗಳಲ್ಲೇ ತಯಾರಾಗಿ ಲೆಕ್ಕಕ್ಕೆ ಬಾರದೆ ಹೊರಬೀಳುವ ಮಾಲೂ ಹೇರಳವಾಗಿದೆ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸಿಗರೇಟು ಮಾರಾಟವನ್ನೇ ನಿಷೇಧಿಸಿದಾಗ ಈ ಜಾಲ ಇನ್ನಷ್ಟು ಬಲಗೊಂಡಿತು. ಕೆನ್ಯಾ 2013ರಿಂದ ಪ್ರತಿ ಪೊಟ್ಟಣಕ್ಕೂ ಸಂಕೇತವುಳ್ಳ ಅಬಕಾರಿ ಚೀಟಿ ಅಂಟಿಸಿ, ಕಾರ್ಖಾನೆಯಿಂದ ಅಂಗಡಿಯವರೆಗೆ ಅದರ ಜಾಡು ಹಿಡಿಯುವ ವ್ಯವಸ್ಥೆ ತಂದಿತು. ದಕ್ಷಿಣ ಆಫ್ರಿಕಾವೋ ಇಂಥದೇ ವ್ಯವಸ್ಥೆಗೆ ಕರೆದಿದ್ದ ಟೆಂಡರನ್ನು 2020ರಲ್ಲಿ ರದ್ದುಮಾಡಿತು. ತಂಬಾಕಿನ ಅಕ್ರಮ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲೇ ಸಹಿ ಹಾಕಿದ್ದರೂ, ನಮ್ಮ ಸಮೀಕ್ಷೆಯ ಹೊತ್ತಿಗೂ ಅದನ್ನು ಅನುಮೋದಿಸಿರಲಿಲ್ಲ. ಎಣಿಕೆ ಶುರುವಾಗಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲಿ. ಅಲ್ಲಿಯವರೆಗೆ ಸ್ಪಾಜಾಗಳ ಮೇಲೆ ನಡೆಯುವ ದಾಳಿಗಳಿಂದ ತೆರಿಗೆಯೂ ಬಾರದು, ಸಿಗರೇಟು ಸೇದುವವರ ಸಂಖ್ಯೆಯೂ ಇಳಿಯದು.