ಉಬುಂಟು ಅಪ್‌ಗ್ರೇಡ್ ಆದ್ಮೇಲೆ ಬೂಟ್‌ನಲ್ಲೇ ನಿಂತ್ರೆ

ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ 22.04 ಆವೃತ್ತಿಯಿಂದ 24.04ಗೆ ಹೋದ್ರಿ, ರೀಸ್ಟಾರ್ಟ್ ಆಗಿ ಚಕ್ರ ತಿರುಗ್ತಾನೇ ಇದೆ ಅಂದ್ರೆ ಮೊದ್ಲು ಕಾಲು ಗಂಟೆ ಕಾಯಿರಿ, ತಕ್ಷಣ ಫಾರ್ಮ್ಯಾಟ್‌ಗೆ ಹೊರಡ್ಬೇಡಿ. ಆಮೇಲೂ ಅಲ್ಲಾಡ್ಲಿಲ್ವಾ, ಪವರ್ ಬಟನ್ ಒತ್ತಿ ಹಿಡ್ದು ಆಫ್ ಮಾಡಿ, ಮತ್ತೆ ಆನ್ ಮಾಡಿ ಕಂಪನಿ ಲೋಗೋ ಹೋಗ್ತಿದ್ದಂಗೆ ಎಸ್ಕೇಪ್ ಒಂದ್ಸಲ ಒತ್ತಿ, ಹಳೇ ಬಯೋಸ್ ಮಷಿನ್ ಆದ್ರೆ ಶಿಫ್ಟ್ ಹಿಡ್ಕೊಳ್ಳಿ, ಗ್ರಬ್ ಮೆನು, ಅಂದ್ರೆ ಯಾವ್ದನ್ನ ಬೂಟ್ ಮಾಡ್ಬೇಕು ಅಂತ ಆರಿಸೋ ಪಟ್ಟಿ, ಬರುತ್ತೆ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಇದ್ರೆ ಅದನ್ನ ಆರಿಸಿ, ಬೂಟ್ ಆದ್ರೆ ತಕರಾರು ಬಹುಶಃ ಹೊಸ ಕರ್ನಲ್‌ದು ಇಲ್ಲಾ ಗ್ರಾಫಿಕ್ಸ್ ಡ್ರೈವರ್‌ದು.

ಆಗ್ಲಿಲ್ಲಾಂದ್ರೆ ಮತ್ತೆ ಗ್ರಬ್ ಮೆನುಗೆ ಬಂದು ‘ಇ’ (e) ಒತ್ತಿ, ‘ಲಿನಕ್ಸ್’ (linux) ಅಂತ ಶುರುವಾಗೋ ಸಾಲಲ್ಲಿ ‘ಕ್ವೈಟ್ ಸ್ಪ್ಲಾಶ್’ (quiet splash) ಅಳಿಸಿ ‘ನೋಮೋಡ್‌ಸೆಟ್’ (nomodeset) ಸೇರಿಸಿ ಎಫ್ 10 ಒತ್ತಿ. ಈಗ ಚಕ್ರದ ಬದ್ಲು ಅಕ್ಷರ ಓಡುತ್ತೆ, ಎಲ್ಲಿ ನಿಲ್ಲುತ್ತೋ ಅದ್ರ ಫೋಟೋ ಹೊಡ್ಕೊಳ್ಳಿ. ನಂದು ಒಂದ್ಸಲ ಡಿಸ್ಕ್ ತುಂಬಿತ್ತು ಅಷ್ಟೆ, ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರೋ ರಿಕವರಿ ಮೋಡ್‌ನಲ್ಲಿ ಜಾಗ ಖಾಲಿ ಮಾಡೋ ‘ಕ್ಲೀನ್’ (clean), ಆಮೇಲೆ ಕೆಟ್ಟ ಪ್ಯಾಕೇಜ್ ಸರಿಮಾಡೋ ‘ಡಿಪಿಕೆಜಿ’ (dpkg) ಕೊಟ್ಮೇಲೆ ಸರಿಹೋಯ್ತು.