ಸ್ಕೂಲಿನ ಗಡಿಬಿಡಿಗೆ ಹುರಿಹಿಟ್ಟಿನ ಬಾರ್

ಬೆಳಗ್ಗೆ ಏಳೂವರೆಗೆಲ್ಲ ಸ್ಕೂಲ್ ವ್ಯಾನ್ ಬಂದುಬಿಡುತ್ತದೆ. ಮೊಮ್ಮಕ್ಕಳು ಇಡ್ಲಿ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ತೂಕಡಿಸುತ್ತಾ ಕೂತಿರುತ್ತವೆ. ಅದನ್ನು ನೋಡಲಾರದೆ ಭಾನುವಾರ ಸಂಜೆ ಹುರಿಹಿಟ್ಟಿನ ಬಾರ್ ಮಾಡಿಡುವ ರೂಢಿ ಮಾಡಿಕೊಂಡೆ. ಒಂದು ತುಂಡು ಬಾರು, ಒಂದು ಲೋಟ ಹಾಲು ಕೊಟ್ಟರೆ ಊಟದ ಡಬ್ಬಿ ತೆಗೆಯುವವರೆಗೂ ಹೊಟ್ಟೆ ತಡೆಯುತ್ತದೆ.

ಅಂಗಡಿಯಲ್ಲಿ ಸಿಗುವುದಿಲ್ಲವೇ ಅಂದರೆ ಸಿಗುತ್ತದೆ. ಪೊಟ್ಟಣದ ಹಿಂದಿನ ಪಟ್ಟಿ ಮಾತ್ರ ಓದಿ. ಹೆಚ್ಚು ಇರುವ ಪದಾರ್ಥವನ್ನೇ ಮೊದಲು ಬರೆದಿರುತ್ತಾರೆ. ಸಕ್ಕರೆ, ಗ್ಲೂಕೋಸ್ ಸಿರಪ್ ಅಲ್ಲಿ ಮೇಲೆಯೇ ಕೂತಿದ್ದರೆ ಅದು ತಿಂಡಿಯಲ್ಲ, ಮಿಠಾಯಿ.

ಹಸಿ ರಾಗಿಹಿಟ್ಟು ಇದಕ್ಕೆ ಒಗ್ಗುವುದಿಲ್ಲ, ಹಲ್ಲಿಗೆ ಅಂಟುತ್ತದೆ, ಹಸಿ ವಾಸನೆಯೂ ಹೋಗುವುದಿಲ್ಲ. ಹುರಿಹಿಟ್ಟಾದರೆ ರಾಗಿ ಅರಳಾಗಿ ಸಿಡಿದ ಮೇಲೆ ಬೀಸಿದ್ದು, ಡಬ್ಬಿ ಮುಚ್ಚಳ ತೆಗೆದರೇ ಘಮ್ಮೆನ್ನುತ್ತದೆ. ಬೆಳೆಯುವ ಮೂಳೆಗೆ ಬೇಕಾದ ಕ್ಯಾಲ್ಸಿಯಂ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲಿದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಹುರಿಹಿಟ್ಟು 100 ಗ್ರಾಂ ತೆಗೆದುಕೊಳ್ಳಿ. ಗಟ್ಟಿ ಅವಲಕ್ಕಿಯೂ ಅಷ್ಟೇ, ಗರಿಗರಿಯಾಗಿ ಹುರಿದು ಕೈಯಲ್ಲೇ ಪುಡಿ ಮಾಡಿ. ಸಿಪ್ಪೆ ತೆಗೆದ ಹುರಿದ ಕಡಲೆಬೀಜ ಅರ್ಧ ಲೋಟ, ಎಳ್ಳು ಎರಡು ಚಮಚ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಕಡಲೆಬೀಜ ನುಣ್ಣಗೆ ಪುಡಿಯಾಗಲೇಬೇಕು, ಇಡೀ ಕಾಳು ಗಂಟಲಿಗೆ ಸಿಕ್ಕಿಕೊಂಡೀತು. ಚುಕ್ಕೆ ಬಿದ್ದು ಕಳಿತ ಏಲಕ್ಕಿ ಬಾಳೆಹಣ್ಣು ನಾಲ್ಕು ಕಿವುಚಿ. ಬಿಸಿನೀರಲ್ಲಿ ನೆನೆದ ಹತ್ತು ಖರ್ಜೂರ ಬೀಜ ತೆಗೆದು ಅರೆಯಿರಿ. 100 ಗ್ರಾಂ ಬೆಲ್ಲವನ್ನು ಚೂರು ನೀರಲ್ಲಿ ಕರಗಿಸಿ ಸೋಸಿಕೊಂಡರೆ ಸಾಕು, ಪಾಕ ಬೇಡ. ಪಾಕ ಬಂದರೆ ಚಿಕ್ಕಿಯಂತೆ ಗಟ್ಟಿಯಾಗಿ ಮಕ್ಕಳ ಹಲ್ಲಿಗೆ ಕಷ್ಟ. ನಾಲ್ಕು ಚಮಚ ತುಪ್ಪ ಹಾಕಿ ಎಲ್ಲ ಕಲೆಸಿ.

ಇಲ್ಲಿ ಹತ್ತು ನಿಮಿಷ ಸುಮ್ಮನಿರಿ. ಹುರಿಹಿಟ್ಟು ನಿಧಾನವಾಗಿ ನೀರು ಕುಡಿಯುತ್ತದೆ. ಮೊದಲು ಅಂಟಂಟಾಗಿ ಕಂಡದ್ದು ಆಮೇಲೆ ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ ನಿಲ್ಲಬೇಕು. ಒಣಗಿದಂತಿದ್ದರೆ ಇನ್ನೊಂದು ಬಾಳೆಹಣ್ಣು ಹಾಕಿ. ಹಾಲು ಹಾಕಿದರೆ ಬೇಗ ಹಳಸುತ್ತದೆ.

ತಟ್ಟೆಗೆ ಬೆಣ್ಣೆ ಕಾಗದ ಹಾಸಿ, ತುಪ್ಪ ಸವರಿದ ಲೋಟದ ತಳದಿಂದ ಒತ್ತಿ. ಈ ಕೆಲಸ ಮಕ್ಕಳಿಗೇ ಕೊಡಿ, ತಾವೇ ಒತ್ತಿದ್ದನ್ನು ತಿನ್ನದೆ ಬಿಡುವುದಿಲ್ಲ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 170 ಡಿಗ್ರಿಗೆ 25 ನಿಮಿಷ, ಅಂಚು ಕೆಂಪಗಾದರೆ ಆಯಿತು. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಬಿಸಿ ಮಾಡಿ, ಸ್ಟ್ಯಾಂಡ್ ಮೇಲೆ ತಟ್ಟೆ ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಮೊದಲ ಸಲ ನಾನು ಬಿಸಿಯಲ್ಲೇ ಕತ್ತರಿಸಿ ಎಲ್ಲ ಪುಡಿಪುಡಿಯಾಗಿತ್ತು. ಬೆಲ್ಲ, ಖರ್ಜೂರ ಹಿಡಿದುಕೊಳ್ಳುವುದು ಆರುವಾಗಲೇ. ಉಗುರುಬೆಚ್ಚಗಿರುವಾಗ ಚಾಕುವಿನಲ್ಲಿ ಗೆರೆ ಮಾತ್ರ ಎಳೆಯಿರಿ, ಪೂರ್ತಿ ಆರಿದ ಮೇಲೆ ಬಿಡಿಸಿ. ಬಾಳೆಹಣ್ಣು ಇರುವುದರಿಂದ ಎರಡು ದಿನಕ್ಕಾಗುವಷ್ಟು ಮಾತ್ರ ಹೊರಗಿರಲಿ, ಉಳಿದದ್ದು ಫ್ರಿಜ್ಜಿಗೆ. ಬೆಳಗ್ಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಕಾದ ಹೆಂಚಿನ ಮೇಲೆ ಒಮ್ಮೆ ತಿರುಗಿಸಿ ಕೊಡಿ, ತುಪ್ಪದ ಪರಿಮಳ ಮತ್ತೆ ಏಳುತ್ತದೆ.